ಹೆಚ್ಚಾದ ಹುಂಜಗಳನ್ನು ಎಲ್ಲಿ ಇಡಬೇಕು? ನಾಲ್ಕು ಬಗೆಯಲ್ಲೂ ಇಟ್ಟು ನೋಡಿದ್ದೇನೆ

ಜವಾರಿ ಕೋಳಿ ಸಾಕುವವರಿಗೆಲ್ಲ ಈ ತಲೆನೋವು ಇದ್ದೇ ಇರುತ್ತದೆ. ಕಾವಿಗೆ ಕೂರಿಸಿದ ಮೊಟ್ಟೆ ಒಡೆದು ಮರಿ ಬಂದರೆ ಹೆಚ್ಚುಕಮ್ಮಿ ಅರ್ಧ ಹುಂಜಗಳೇ ಆಗಿರುತ್ತವೆ. ಬೇಕಾಗಿರುವುದು ಮಾತ್ರ ಎಂಟು ಹತ್ತು ಹೇಂಟೆಗೆ ಒಂದು ಹುಂಜ. ಉಳಿದವನ್ನು ಅಲ್ಲೇ ಬಿಟ್ಟರೆ ಹೇಂಟೆಗಳ ಬೆನ್ನಿನ ಪುಕ್ಕ ಉದುರಿ ಚರ್ಮ ಕಾಣುತ್ತದೆ, ಮೇವು ತಿನ್ನೋಕೂ ಅವುಗಳಿಗೆ ಭಯ. ಹಾಗಂತ ಎಳೆಯ ಹುಂಜಗಳನ್ನೆಲ್ಲ ಸಂತೆಗೆ ಸಾಗಿಸೋಕೂ ಮನಸ್ಸು ಬರಲ್ಲ, ಯಾಕೆಂದರೆ ನಮ್ಮ ಕಡೆ, ಅಂದರೆ ಗಂಗಾವತಿ ಸುತ್ತಮುತ್ತ, ಜಾತ್ರೆ ಸಮಯದಲ್ಲಿ ತೂಕ ಬಂದ ಜವಾರಿ ಹುಂಜಕ್ಕೆ ಒಳ್ಳೆ ಬೆಲೆ ಸಿಗುತ್ತದೆ. ಅಲ್ಲಿಯವರೆಗೆ ಅವುಗಳನ್ನು ಬೇರೆ ಇಡಲೇಬೇಕು.

ನಮ್ಮೂರಲ್ಲಿ ಎಲ್ಲರಿಗೂ ಗೊತ್ತಿರುವುದು ಕಾಲಿಗೆ ಹುರಿ ಹಾಕಿ ಗೂಟಕ್ಕೆ ಕಟ್ಟುವುದು. ಖರ್ಚಿಲ್ಲ, ಬೇವಿನ ಮರದ ಕೆಳಗೆ ನಾಲ್ಕು ಗೂಟ ಹೊಡೆದರೆ ಮುಗಿಯಿತು. ಆದರೆ ನನಗೆ ಇದು ಹಿಡಿಸಲೇ ಇಲ್ಲ. ಬೆಳಿಗ್ಗೆ ಇದ್ದ ನೆರಳು ಮಧ್ಯಾಹ್ನ ಇನ್ನೊಂದು ಕಡೆ ಸರಿದಿರುತ್ತದೆ, ಕಟ್ಟಿದ ಹುಂಜ ಅಲ್ಲೇ ಬಿಸಿಲಲ್ಲಿ ಬಾಯಿ ಬಿಟ್ಟುಕೊಂಡು ನಿಂತಿರುತ್ತದೆ. ಕೋಳಿಗೆ ಬೆವರು ಬರಲ್ಲ, ಬಾಯಿ ತೆರೆದು ಉಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಏಪ್ರಿಲ್ ಮೇ ತಿಂಗಳಲ್ಲಿ ರಾಯಚೂರು, ಕೊಪ್ಪಳದ ಬಿಸಿಲು 40 ಡಿಗ್ರಿ ದಾಟುವಾಗ ಹೀಗೆ ಕಟ್ಟಿ ಹೊಲಕ್ಕೆ ಹೋಗೋದು ಅಂದ್ರೆ ಅದರ ಜೀವದ ಜೊತೆ ಆಟ. ನಾಯಿ ಬಂದರೂ ಓಡೋಕಾಗಲ್ಲ. ಹುರಿ ಸುತ್ತಿಕೊಂಡು ಕಾಲು ಊದುವುದು ಬೇರೆ. ಒಂದೆರಡು ಗಂಟೆ ಎದುರಿಗೇ ಕೂತು ನೋಡಿಕೊಳ್ಳುವುದಾದರೆ ಸರಿ, ಇಡೀ ದಿನಕ್ಕೆ ಬೇಡ.

ಒಂದೊಂದಕ್ಕೆ ಒಂದೊಂದು ಪಂಜರ ಮಾಡಿಸುವುದು ಇನ್ನೊಂದು ದಾರಿ. ಜಗಳದ ಮಾತೇ ಇಲ್ಲ, ಯಾವುದು ತಿಂತು ಯಾವುದು ಬಿಟ್ಟಿತು ಅಂತ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಕೆಲಸ ಜಾಸ್ತಿ: ಪ್ರತಿಯೊಂದಕ್ಕೂ ಬೇರೆ ನೀರು, ಬೇರೆ ಮೇವು, ದಿನಾ ಹಿಕ್ಕೆ ಬಳಿಯಬೇಕು. ತಂತಿ ತಳದ ಮೇಲೆ ಸದಾ ನಿಂತರೆ ಪಾದದಲ್ಲಿ ಗಂಟಿನಂಥ ಹುಣ್ಣಾಗುತ್ತದೆ, ಅದಕ್ಕೆ ಹಲಗೆ ಹಾಸಿ ಮೇಲೆ ಭತ್ತದ ಹೊಟ್ಟು ಹರಡಬೇಕು. ಹೊಟ್ಟಿಗೆ ನಮ್ಮ ಕಡೆ ಬರವಿಲ್ಲ, ಯಾವ ರೈಸ್ ಮಿಲ್ಲಿಗೆ ಹೋದರೂ ಸಿಗುತ್ತದೆ. ಎರಡು ಪಂಜರ ಮಾತ್ರ ಎಲ್ಲರ ಮನೆಯಲ್ಲೂ ಇರಲಿ ಅಂತೀನಿ. ಗಾಯ ಆದ ಹುಂಜಕ್ಕೆ ಒಂದು, ಸಂತೆಯಿಂದ ಹೊಸದಾಗಿ ತಂದದ್ದಕ್ಕೆ ಇನ್ನೊಂದು. ಹೊಸದನ್ನು ಎರಡು ಮೂರು ವಾರ ದೂರ ಇಡದೆ ಒಳಗೆ ಬಿಟ್ಟರೆ ಅದರ ಜೊತೆ ಕೊಕ್ಕರೆ ರೋಗವೂ, ಅಂದರೆ ಕೋಳಿಯಿಂದ ಕೋಳಿಗೆ ಹರಡುವ ರಾಣಿಖೇತ್ ಕಾಯಿಲೆಯೂ, ಬರಬಹುದು. ಆಮೇಲೆ ಹುಂಜ ಹೇಂಟೆ ಎರಡನ್ನೂ ಕಳೆದುಕೊಂಡು ಕೂರಬೇಕಾಗುತ್ತದೆ. ಅಸೀಲ್ ಸಾಕುವವರಿಗಂತೂ ಪಂಜರ ಅಥವಾ ಬೇರೆ ಬೇರೆ ಅಂಕಣ ಬಿಟ್ಟರೆ ದಾರಿಯಿಲ್ಲ. ಆ ತಳಿಯ ಬೆಳೆದ ಹುಂಜ ಇನ್ನೊಂದನ್ನು ಸಹಿಸಲ್ಲ.

ಮೂರನೆಯದು, ಕೋಳಿ ಮನೆಯನ್ನೇ ಜಾಲರಿ ಹಾಕಿ ಎರಡು ಪಾಲು ಮಾಡಿ, ಒಂದರಲ್ಲಿ ಹೇಂಟೆ, ಇನ್ನೊಂದರಲ್ಲಿ ಹುಂಜ ಬಿಡುವುದು. ಒಂದೇ ಸೂರು, ಒಂದೇ ಕಡೆ ನೀರು ಮೇವು, ಕೇಳೋಕೆ ಬಹಳ ಅನುಕೂಲ. ಆದರೆ ಹುಂಜಗಳು ಬೆಳಗಿನಿಂದ ಸಂಜೆವರೆಗೂ ಜಾಲರಿಯ ಉದ್ದಕ್ಕೂ ಅತ್ತಿಂದಿತ್ತ ತಿರುಗುತ್ತಲೇ ಇರುತ್ತವೆ. ಮೇವಿನ ಮೇಲೆ ಗಮನ ಇರಲ್ಲ, ಮೈ ಹಿಡಿಯಲ್ಲ. ಹೇಂಟೆಗಳ ಜೊತೆ ಇರುವ ಹುಂಜ ಆಚೆ ಬದಿಯಿಂದ ಬಂದು ಜಾಲರಿಗೇ ಎದೆ ಕೊಟ್ಟು ಜಗಳ ತೆಗೆಯುತ್ತದೆ, ಎರಡರ ಜುಟ್ಟಿನಲ್ಲೂ ರಕ್ತ. ಇದಕ್ಕಿಂತ ಬೇಸರದ್ದು ಅಂದ್ರೆ, ಒಟ್ಟಿಗೆ ಬೆಳೆದು ಸುಮ್ನೆ ಇದ್ದ ಹುಂಜಗಳೂ ಆ ಜಾಲರಿ ಪಕ್ಕದ ಜಾಗಕ್ಕಾಗಿ ತಮ್ಮ ತಮ್ಮಲ್ಲೇ ಕಚ್ಚಾಡುತ್ತವೆ. ನಮ್ಮವ್ವ ಅದನ್ನು ನೋಡಿಯೇ ಹೇಳಿದ್ದು, "ಹ್ಯಾಂಟಿ ಕಣ್ಣಿಗೆ ಬೀಳದಂಗ ಇಡಪಾ, ತಾನ ತಣ್ಣಗಾಗ್ತಾವ" ಅಂತ.

ಅದೇ ಸರಿಹೋಯಿತು. ಈಗ ನಮ್ಮ ಹುಂಜಗಳೆಲ್ಲ ಒಂದೇ ಆವರಣದಲ್ಲಿ ಒಟ್ಟಿಗೆ ಇವೆ. ಹೇಂಟೆಗಳಿರುವ ಜಾಗಕ್ಕೂ ಅದಕ್ಕೂ ನಡುವೆ ಭತ್ತದ ಹುಲ್ಲಿನ ಬಣವೆ ಇದೆ. ದನಿ ಕೇಳಿಸುತ್ತದೆ, ಆದರೆ ಕಾಣುವುದಿಲ್ಲ, ಅಷ್ಟು ಸಾಕು. ಕೂಗಾಟ ಏನೂ ಕಡಿಮೆಯಾಗಿಲ್ಲ, ಕಾದಾಟ ಮಾತ್ರ ಬಹಳ ಕಡಿಮೆ. ಜಗಳ ಪೂರ್ತಿ ನಿಲ್ಲುತ್ತದೆ ಅಂತ ಯಾರೂ ತಿಳಿಯಬೇಡಿ. ಪ್ರಾಯಕ್ಕೆ ಬರುವ ನಾಲ್ಕೈದು ತಿಂಗಳ ವಯಸ್ಸಿನಲ್ಲಿ ಕತ್ತಿನ ಪುಕ್ಕ ಕೆದರಿಕೊಂಡು ಎದುರುಬದುರು ನಿಲ್ಲುತ್ತವೆ, ಎರಡು ಸಲ ಹಾರುತ್ತವೆ, ಒಂದು ಸೋತು ಪಕ್ಕಕ್ಕೆ ಹೋಗುತ್ತದೆ. ಅದಕ್ಕೆ ನಡುವೆ ಕೈ ಹಾಕಬಾರದು, ಯಾರು ದೊಡ್ಡವರು ಅಂತ ಅವುಗಳೇ ತೀರ್ಮಾನ ಮಾಡಿಕೊಳ್ಳಬೇಕು. ರಕ್ತ ಬಂದರೆ ಮಾತ್ರ ಆ ಹುಂಜವನ್ನು ತಕ್ಷಣ ಪಂಜರಕ್ಕೆ ಹಾಕಿ, ರಕ್ತ ಕಂಡರೆ ಉಳಿದವು ಕುಕ್ಕೋದು ಬಿಡಲ್ಲ.

ಈ ಆವರಣದಲ್ಲಿ ಜಾಗ ಇರಬೇಕು, ಒಂದು ಹುಂಜಕ್ಕೆ ಹತ್ತು ಹನ್ನೆರಡು ಚದರ ಅಡಿಯಾದರೂ. ಸೋತದ್ದು ಓಡಿಹೋಗಿ ಮರೆಯಾಗೋಕೆ ಎರಡು ಮೂರು ಕಡೆ ತಟ್ಟಿ ಅಥವಾ ತಗಡು ಓರೆಯಾಗಿ ಒರಗಿಸಿಡಿ, ಆದರೆ ಎರಡೂ ಬದಿಯಿಂದ ದಾರಿ ಇರಲಿ, ಒಂದೇ ಬಾಯಿ ಇದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಮೇವಿನ ತಟ್ಟೆ, ನೀರು ಎರಡೆರಡು ಕಡೆ ಇರಬೇಕು. ರಾತ್ರಿ ಕೂರುವ ಅಡ್ಡಗೋಲುಗಳೆಲ್ಲ ಒಂದೇ ಎತ್ತರದಲ್ಲಿರಲಿ, ಇಲ್ಲದಿದ್ದರೆ ಎಲ್ಲಕ್ಕಿಂತ ಮೇಲಿನದ್ದೇ ಬೇಕು ಅಂತ ಸಂಜೆ ಸಂಜೆ ಗಲಾಟೆ. ಗಿರಿರಾಜ ಹುಂಜ ಇದ್ದರೆ ಗೋಲನ್ನು ತಗ್ಗಿಸಿ, ಅಷ್ಟು ತೂಕದ ಕೋಳಿ ಎತ್ತರದಿಂದ ಹಾರಿದರೆ ಕಾಲಿಗೆ ಪೆಟ್ಟಾಗುತ್ತದೆ. ಬೇಲಿಗೆ ನಾನು ಬಳ್ಳಾರಿ ಜಾಲಿಯ ಕಂಬ ಹಾಕಿ ಜಾಲರಿ ಬಿಗಿದಿದ್ದೇನೆ, ಬುಡದಲ್ಲಿ ಕಲ್ಲು ಜೋಡಿಸಿದ್ದೇನೆ, ಮುಂಗುಸಿ ನೆಲ ಕೆರೆದು ಒಳಗೆ ಬರಬಾರದು ಅಂತ.

ಹೀಗೆ ಇಟ್ಟಿದ್ದರಿಂದ ಮೇವಿನದ್ದೂ ಒಂದು ಲಾಭ ಸಿಕ್ಕಿತು. ಮೊಟ್ಟೆ ಕೋಳಿಗೆ ಕೊಡುವ ಲೇಯರ್ ಮೇವಿನಲ್ಲಿ ಸುಣ್ಣದ ಅಂಶ ಬಹಳ ಜಾಸ್ತಿ, ಚಿಪ್ಪು ಗಟ್ಟಿಯಾಗಲಿ ಅಂತ. ಹುಂಜಕ್ಕೆ ಅದು ಬೇಡ, ತಿಂಗಳುಗಟ್ಟಲೆ ತಿಂದರೆ ಅದರ ಮೂತ್ರಪಿಂಡಕ್ಕೆ ತೊಂದರೆ. ಈಗ ಹುಂಜಗಳಿಗೆ ಜೋಳ, ಸಜ್ಜೆ, ನುಚ್ಚು, ತೌಡು, ಜೊತೆಗೆ ಸ್ವಲ್ಪ ಶೇಂಗಾ ಹಿಂಡಿ.

ಇನ್ನೊಂದು ಮಾತು, ಇದನ್ನು ಬಹಳ ಜನ ಕೇಳುತ್ತಾರೆ: ಗುಂಪಿನಿಂದ ಒಂದೊಂದೇ ಹುಂಜವನ್ನು ಸರದಿಯಂತೆ ಹೇಂಟೆಗಳ ಜೊತೆ ಬಿಡಬಹುದಾ ಅಂತ. ಬೇಡ. ಹೇಂಟೆಗಳ ಜೊತೆ ಇದ್ದು ವಾಪಸ್ ಬಂದ ಹುಂಜವನ್ನು ಗುಂಪು ಹೊಸಬನಂತೆ ನೋಡುತ್ತದೆ, ಜಗಳ ಮತ್ತೆ ಮೊದಲಿನಿಂದ ಶುರು. ತಳಿಗೆ ಬೇಕಾದ ಒಂದನ್ನು ಆರಿಸಿ ಅಲ್ಲೇ ಬಿಡಿ, ಉಳಿದವು ಮಾರುವವರೆಗೆ ಒಟ್ಟಿಗೆ ಇರಲಿ. ತಳಿಯ ಹುಂಜವನ್ನೇ ಬದಲಾಯಿಸುವುದಾದರೆ ಹಳೆಯದನ್ನು ತೆಗೆದ ಮೇಲೆ ಮೂರು ವಾರ ಮೊಟ್ಟೆ ಕಾವಿಗೆ ಇಡಬೇಡಿ, ಯಾಕೆಂದರೆ ಹೇಂಟೆಯ ಹೊಟ್ಟೆಯಲ್ಲಿ ಹಳೆ ಹುಂಜದ ಬೀಜ ಎರಡು ಮೂರು ವಾರ ಉಳಿದಿರುತ್ತದೆ. ಆ ಮೂರು ವಾರದ ಮೊಟ್ಟೆಗಳನ್ನು ಮನೆಗೆ ಬಳಸಿ ಅಥವಾ ಮಾರಿಬಿಡಿ.