ಧಾರವಾಡದ ಹಳೆ ಪುಸ್ತಕದಂಗಡಿಯಲ್ಲಿ ಷಿಕಾಗೊ ಕಬ್ಸ್

ಧಾರವಾಡದ ಸುಭಾಷ್ ರಸ್ತೆಯ ಬಳಿಯ ಹಳೆ ಪುಸ್ತಕದಂಗಡಿಯೊಂದರಲ್ಲಿ 250 ರೂಪಾಯಿಗೆ ದೊರೆತ, ಷಿಕಾಗೊ ಕಬ್ಸ್ ಬೇಸ್‌ಬಾಲ್ ತಂಡದ ಈ ಸಚಿತ್ರ ಇತಿಹಾಸವು ಕ್ರಿಕೆಟ್ ಬಿಟ್ಟು ಬೇರೇನೂ ನೋಡದವರಿಗೂ ಹಿಡಿಸುವಂತಿದೆ. 1908ರಲ್ಲಿ ಅಮೆರಿಕದ ಬೇಸ್‌ಬಾಲ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದ ತಂಡ ಅದನ್ನು ಮತ್ತೆ ಗೆದ್ದದ್ದು 2016ರಲ್ಲಿ. ನಡುವಿನ 108 ವರ್ಷಗಳ ಬರವೇ ಪುಸ್ತಕದ ಜೀವಾಳ. 1945ರಲ್ಲಿ ಬಿಲ್ಲಿ ಸಿಯಾನಿಸ್ ಎಂಬ ಮದ್ಯದಂಗಡಿಯ ಮಾಲೀಕನು ತಂಡದ ತವರು ಮೈದಾನವಾದ ರಿಗ್ಲಿ ಫೀಲ್ಡ್‌ಗೆ ಕರೆತಂದ ಮೇಕೆಯನ್ನು ಹೊರಹಾಕಿದ್ದಕ್ಕೆ ಆತ ತಂಡಕ್ಕೆ ಶಾಪವಿತ್ತನೆಂಬ ಐತಿಹ್ಯವೂ, 1969ರಲ್ಲಿ ನ್ಯೂಯಾರ್ಕಿನ ಷೇ ಸ್ಟೇಡಿಯಂನಲ್ಲಿ ತಂಡದ ಆಟಗಾರ ರಾನ್ ಸ್ಯಾಂಟೊ ಬಳಿ ಸುಳಿದ ಕರಿಬೆಕ್ಕಿನ ಪ್ರಸಂಗವೂ ಸವಿಸ್ತಾರವಾಗಿ ಬಂದಿವೆ. (ಬೆಕ್ಕು ಅಡ್ಡ ಬಂದರೆ ನಮ್ಮೂರಲ್ಲೂ ಸ್ಕೂಟರ್ ನಿಲ್ಲಿಸುವವರಿದ್ದಾರೆ.) 1937ರಲ್ಲಿ ರಿಗ್ಲಿ ಫೀಲ್ಡ್‌ನ ಗೋಡೆಗೆ ಹಬ್ಬಿಸಿದ ಐವಿ ಬಳ್ಳಿಯ ಹಾಗೂ ಕೈಯಿಂದಲೇ ಅಂಕಿ ಬದಲಿಸುವ ಸ್ಕೋರ್‌ಬೋರ್ಡಿನ ಚಿತ್ರಗಳು ಸೊಗಸಾಗಿವೆ, ಆದರೆ ಆ ಮೈದಾನಕ್ಕೆ 1988ರವರೆಗೂ ರಾತ್ರಿಯಾಟದ ದೀಪಗಳೇ ಇರಲಿಲ್ಲವೆಂಬ ಸಂಗತಿಗೆ ಒಂದೇ ಸಾಲು ಸಂದಿರುವುದು ಅನ್ಯಾಯ. 2016ರ ಏಳು ಪಂದ್ಯಗಳ ಸರಣಿಯಲ್ಲಿ ಕ್ಲೀವ್‌ಲ್ಯಾಂಡ್ ತಂಡದೆದುರು 1-3ರ ಹಿನ್ನಡೆಯಿಂದ ಚೇತರಿಸಿಕೊಂಡು, ಏಳನೆಯ ಪಂದ್ಯವನ್ನು ಮಳೆಯ ಬಿಡುವಿನ ನಂತರ ಹತ್ತನೆಯ ಇನ್ನಿಂಗ್ಸ್‌ನಲ್ಲಿ 8-7ರಿಂದ ಗೆದ್ದ ಅಧ್ಯಾಯವನ್ನು ಮಾತ್ರ ಬಿಡುವು ಮಾಡಿಕೊಂಡೇ ಓದಬೇಕು. ಅಂಗಡಿಯಲ್ಲಿ ಕುಳಿತು ಪುಟ ತಿರುವಿ ನೋಡಲು ಅಡ್ಡಿಯಿಲ್ಲ. ಬೆಲೆಯ ಚೀಟಿಯನ್ನು ಕಬ್ಸ್‌ನ ಹೆಸರಾಂತ ಆಟಗಾರ ಅರ್ನಿ ಬ್ಯಾಂಕ್ಸ್ ಮುಖದ ಮೇಲೆಯೇ ಅಂಟಿಸಿದ್ದಾರೆ, ಅದನ್ನು ಕಿತ್ತರೆ ಚಿತ್ರವೂ ಕಿತ್ತುಬರುತ್ತದೆ.