ಓಎಸ್‌ಎಂಎನ್‌ಎಕ್ಸ್: ರಸ್ತೆ ಎಣಿಸುತ್ತದೆ, ಗೇಟು ನೋಡುವುದಿಲ್ಲ

ಬಡಾವಣೆಯ ರಸ್ತೆಗಳು ಒಂದಕ್ಕೊಂದು ಎಷ್ಟು ಕೂಡಿಕೊಂಡಿವೆ ಎಂದು ಅಳೆಯಲು ನಗರ ಯೋಜನೆಯ ಸಂಶೋಧಕ ಜೆಫ್ ಬೋಯಿಂಗ್ ಬರೆದ ಓಎಸ್‌ಎಂಎನ್‌ಎಕ್ಸ್ (OSMnx) ಎಂಬ ಈ ಪೈಥಾನ್ ಲೈಬ್ರರಿಗಿಂತ (ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಸಿದ್ಧ ಕೋಡ್ ಕಟ್ಟು) ಸಲೀಸಾದದ್ದು ಸಿಗುವುದು ಕಷ್ಟ. ಉಚಿತ. ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ (ಸ್ವಯಂಸೇವಕರು ತುಂಬುವ ಉಚಿತ ನಕ್ಷೆ) ರಸ್ತೆಜಾಲ ಇಳಿಸಿಕೊಂಡು ತಾನೇ ಲೆಕ್ಕ ಹಾಕುತ್ತದೆ. ಆದರೆ ಬೆಂಗಳೂರಿಗೆ ಹಚ್ಚುವಾಗ ಹುಷಾರಾಗಿರಬೇಕು.

ಬಡಾವಣೆಯ ಹೆಸರು ಕೊಟ್ಟರೆ ಹಲವು ಸಲ ಎರರ್ ಬರುತ್ತದೆ. ನಕ್ಷೆಯಲ್ಲಿ ಅದರ ಗಡಿರೇಖೆ ಇರುವುದಿಲ್ಲ, ಒಂದು ಚುಕ್ಕೆ ಮಾತ್ರ ಇರುತ್ತದೆ. ಅಕ್ಷಾಂಶ, ರೇಖಾಂಶ, 1000 ಮೀಟರ್ ದೂರ ಕೊಡಿ: 2 ಕಿ.ಮೀ. ಬದಿಯ ಚೌಕ ಸಿಗುತ್ತದೆ. ಮೊದಲು ನೋಡಬೇಕಾದ ಅಂಕಿ, ಒಂದು ನೋಡ್‌ಗೆ (ರಸ್ತೆಗಳು ಕೂಡುವ ಅಥವಾ ಕೊನೆಯಾಗುವ ಬಿಂದು) ಸೇರುವ ರಸ್ತೆಗಳ ಸರಾಸರಿ. ಮಲ್ಲೇಶ್ವರದ ಮೇನು-ಕ್ರಾಸುಗಳಂತೆ ಚೌಕಾಕಾರವಿದ್ದಷ್ಟೂ 4ರ ಕಡೆಗೆ ಏರುತ್ತದೆ. ಮರದ ಕೊಂಬೆಯಂತೆ ಕವಲೊಡೆದು ಡೆಡ್ ಎಂಡಿನಲ್ಲಿ ನಿಲ್ಲುವ ಬಡಾವಣೆಯಲ್ಲಿ 2ರ ಕಡೆಗೆ ಇಳಿಯುತ್ತದೆ.

ಎಡವಟ್ಟಾಗುವುದು ಸರ್ಜಾಪುರ ರಸ್ತೆಯಂಥ ಕಡೆ. ಎಲ್ಲರೂ ಆರಿಸುವ 'ಡ್ರೈವ್' (ವಾಹನ ಓಡುವ ರಸ್ತೆಗಳ) ಜಾಲ, ಖಾಸಗಿ ಎಂದು ಟ್ಯಾಗ್ ಆದ ರಸ್ತೆಗಳನ್ನು ಬಿಟ್ಟುಬಿಡುತ್ತದೆ. ಗೇಟೆಡ್ ಲೇಔಟ್‌ನ ಒಳರಸ್ತೆಗಳ ಜೊತೆಗೆ ಅವುಗಳ ಡೆಡ್ ಎಂಡ್‌ಗಳೂ ಮಾಯ. ಗೇಟು ಹೆಚ್ಚಾದಷ್ಟೂ ಅಂಕಿ ಚೆಂದ! 'ಆಲ್' ಆರಿಸಿದರೆ ಅವು ಮರಳುತ್ತವೆ, ಜೊತೆಗೆ ಕಾಲುದಾರಿ, ಪಾರ್ಕಿಂಗ್ ಸಾಲುಗಳೂ ನುಗ್ಗುತ್ತವೆ. ಬೇಕಾದ ರಸ್ತೆ ಬಗೆಗಳನ್ನಷ್ಟೇ ಹೆಸರಿಸಿ, ಖಾಸಗಿ-ಸಾರ್ವಜನಿಕ ಷರತ್ತಿಲ್ಲದ ಕಸ್ಟಮ್ ಫಿಲ್ಟರ್ ಬರೆಯುವುದೇ ಸರಿ.

ಗೇಟು ನಕ್ಷೆಯಲ್ಲಿದ್ದರೂ ಲೈಬ್ರರಿ ಅಲ್ಲಿ ರಸ್ತೆಯನ್ನು ಕಡಿಯುವುದಿಲ್ಲ. ಇಳಿಸುವ ಮುನ್ನ ನೋಡ್ ಟ್ಯಾಗ್‌ಗಳ ಪಟ್ಟಿಗೆ 'ಬ್ಯಾರಿಯರ್' (ಗೇಟಿನಂಥ ತಡೆ) ಸೇರಿಸಿ, ಸಿಂಪ್ಲಿಫೈ (ಜಂಕ್ಷನ್, ಡೆಡ್ ಎಂಡ್ ಬಿಟ್ಟು ನಡುವಿನ ಚುಕ್ಕೆಗಳನ್ನು ತೆಗೆದುಹಾಕುವ ಹಂತ) ಆಫ್ ಮಾಡಿ ಇಳಿಸಿ, ಸದಾ ಬೀಗ ಬಿದ್ದಿರುವ ಹಿಂಬದಿಯ ಗೇಟುಗಳ ನೋಡ್ ತೆಗೆದು, ಆಮೇಲೆ ಸಿಂಪ್ಲಿಫೈ ಮಾಡಿ. ಮುಂಬದಿಯ ಗೇಟನ್ನೂ ತೆಗೆದರೆ ಲೇಔಟೇ ಜಾಲದಿಂದ ಕಳಚಿಕೊಳ್ಳುತ್ತದೆ.

ಹೊರ ವರ್ತುಲ ರಸ್ತೆಯಲ್ಲಿ ಸರ್ವಿಸ್ ರೋಡುಗಳಿಂದಾಗಿ ಒಂದೇ ಜಂಕ್ಷನ್ ಹಲವು ನೋಡ್ ಆಗಿ ಎಣಿಕೆಯಾಗುತ್ತದೆ. ಜಾಲವನ್ನು ಅಕ್ಷಾಂಶ-ರೇಖಾಂಶದಿಂದ ಮೀಟರ್ ಅಳತೆಗೆ ಬದಲಿಸಿ (ಪ್ರೊಜೆಕ್ಟ್ ಮಾಡಿ), ಬಳಿಕ ಜಂಕ್ಷನ್‌ಗಳನ್ನು ಒಗ್ಗೂಡಿಸಿ. ಟಾಲರೆನ್ಸ್ (ಪ್ರತಿ ನೋಡ್ ಸುತ್ತ ಎಳೆಯುವ ವೃತ್ತದ ತ್ರಿಜ್ಯ) 10 ಎಂದರೆ 20 ಮೀಟರ್ ಒಳಗಿನ ನೋಡ್‌ಗಳು ಒಂದಾಗುತ್ತವೆ. ಚಿಕ್ಕಪೇಟೆಗೂ ಅದನ್ನೇ ಕೊಟ್ಟರೆ ಪಕ್ಕಪಕ್ಕದ ಗಲ್ಲಿಗಳ ಕೂಡುವ ಜಾಗಗಳನ್ನೂ ನುಂಗಿಹಾಕುತ್ತದೆ.

ನಗರ ಬೆಳೆದಂತೆ ಆದ ಬದಲಾವಣೆ ಅಳೆಯಲು ಹಳೆಯ ತಾರೀಖಿನ ನಕ್ಷೆ ಇಳಿಸುವ ದಾರಿಯೂ ಇದೆ. ಅದನ್ನು ಬಳಸಲೇಬೇಡಿ: ಸಿಗುವುದು ಸ್ವಯಂಸೇವಕರು ನಕ್ಷೆ ತುಂಬಿದ ಇತಿಹಾಸ, ಊರು ಬೆಳೆದದ್ದಲ್ಲ. ಬದಲಿಗೆ ಐರೋಪ್ಯ ಒಕ್ಕೂಟದ ಉಚಿತ ಜನವಸತಿ ನಕ್ಷೆಪದರ (GHSL) ತೆಗೆದುಕೊಳ್ಳಿ. 1975ರಿಂದ ಐದೈದು ವರ್ಷಕ್ಕೆ ಒಂದರಂತೆ ಇದೆ. ಯಾವ ಜಾಗ ಯಾವ ಅವಧಿಯಲ್ಲಿ ಕಟ್ಟಡಗಳಿಂದ ತುಂಬಿತೋ ಅದಕ್ಕೆ ಇಂದಿನ ನೋಡ್‌ಗಳನ್ನು ಹಂಚಿ, ಅವಧಿವಾರು ಸರಾಸರಿ ತೆಗೆಯಿರಿ. ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ವಿಶ್ಲೇಷಣೆ) ಗೊತ್ತಿರುವವರಿಗೆ ಇದು ದೊಡ್ಡ ಕೆಲಸವಲ್ಲ. ಪೈಥಾನ್ ಮುಟ್ಟದವರು ಇದರ ತಂಟೆಗೆ ಹೋಗದಿರುವುದೇ ವಾಸಿ.