ಬೋಟಿನ ರೇಡಿಯೋಗೆ ದಾವಣಗೆರೆಲಿ ಮಾಡ್ಸಿದ ಬ್ರಾಕೆಟ್

ನಮ್ಮ ಭಾವಂದು ಮಲ್ಪೆಲಿ ಮೀನಿನ ಬೋಟ್ ಐತೆ, ಅದ್ರಲ್ಲಿ ವಿಎಚ್‌ಎಫ್ ರೇಡಿಯೋನ (ಬೇರೆ ಬೋಟು, ದಡದವ್ರ ಜೊತೆ ಮಾತಾಡೋ ವೈರ್‌ಲೆಸ್ಸು) ಸ್ಟೀರಿಂಗ್ ಕೆಳಗಡೆ ಫಿಟ್ ಮಾಡಿದ್ರು, ಅಪಾಯದ ಕರೆ ಬರೋ ಚಾನೆಲ್ 16ರಲ್ಲಿ ಐತೋ ಇಲ್ವೋ ನೋಡೋಕೆ ಪ್ರತಿ ಸಲ ಬಗ್ಗಬೇಕು, ಬಗ್ಗಿದ್ರೆ ಮುಂದೆ ಏನೂ ಕಾಣಲ್ಲ, ಭಯ ಆಗ್ತಿತ್ತು. ಅದಕ್ಕೆ ಇಲ್ಲೇ ದಾವಣಗೆರೆ ಪಿಬಿ ರೋಡ್ ಹತ್ರ ಒಂದು ಫ್ಯಾಬ್ರಿಕೇಶನ್ ಶಾಪಲ್ಲಿ ತಿರುಗೋ ಬ್ರಾಕೆಟ್ ಮಾಡ್ಸಿದೆ. ಉಪ್ಪುನೀರಿಗೆ ಬೇಗ ತುಕ್ಕು ಹಿಡಿಯದ 316 ಗ್ರೇಡ್ ಸ್ಟೇನ್‌ಲೆಸ್ ಸ್ಟೀಲೇ ಬೇಕು ಅಂದೆ, ಮಾಮೂಲಿ 304 ಗ್ರೇಡ್ ಹಾಕಿ ಸಾಗಹಾಕ್ಲಿಲ್ಲ, ತರಿಸಿ ಮಾಡ್ಕೊಟ್ರು, ತುಂಬಾ ಖುಷಿ ಆಯ್ತು ನೋಡ್ರಿ. ಈಗ ರೇಡಿಯೋ ಕಣ್ಣಿನ ಎತ್ತರಕ್ಕೆ ಬಂದೈತೆ, ಸ್ವಲ್ಪ ವಾಲಿಸಿದ್ರೆ ಬಿಸಿಲಲ್ಲೂ ಸ್ಕ್ರೀನ್ ಓದಬಹುದು. ಅಲೆ ಹೊಡೆತಕ್ಕೆ ನಟ್ ಮಾತ್ರ ಸಡಿಲ ಆಯ್ತು, ಒಳಗೆ ನೈಲಾನ್ ರಿಂಗ್ ಇರೋ ನೈಲಾಕ್ ನಟ್ ಹಾಕಿದ್ಮೇಲೆ ಸರಿಹೋಯ್ತು. ಮತ್ತೆ ದಿಕ್ಸೂಚಿಯಿಂದ ದೂರ ಇಡ್ರಿ, ಸ್ಪೀಕರ್ ಮ್ಯಾಗ್ನೆಟ್ ಮುಳ್ಳನ್ನ ಎಳೆಯುತ್ತೆ, ಎಷ್ಟು ದೂರ ಅಂತ ಮ್ಯಾನುಯಲ್ಲಲ್ಲಿ ನೋಡ್ಕೊಂಡೇ ತೂತು ಕೊರೀರಿ.